ಗೆರ್ಟ್ರೂಡ್ ಕಟ್ಟಿದ ಹುಡುಗರ ಶಾಲೆ

ಆಕ್ಸ್‌ಫರ್ಡ್ ಪಟ್ಟಣದ ಉತ್ತರಕ್ಕೆ, ಚೆರ್ವೆಲ್ ನದಿಯತ್ತ ಹರಡಿದ ಬಯಲಿನಲ್ಲಿದೆ ಸಮ್ಮರ್ ಫೀಲ್ಡ್ಸ್ ಶಾಲೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್ ಬಾಲ್ಯದಲ್ಲಿ ಓದಿದ್ದು ಇಲ್ಲೇ. ಇಂಥ ಶಾಲೆಗಳ ಚರಿತ್ರೆಯನ್ನು ದೊಡ್ಡವರಾದ ಹುಡುಗರ ಹೆಸರಿನಿಂದ ಶುರುಮಾಡುವುದು ವಾಡಿಕೆ. ಇಲ್ಲಿ ಮೊದಲು ಹೇಳಬೇಕಾದ ಹೆಸರು ಗೆರ್ಟ್ರೂಡ್ ಮ್ಯಾಕ್ಲಾರೆನ್ ಅವರದು.

1864ರಲ್ಲಿ ಅವರು ಶಾಲೆ ತೆರೆದಾಗ ಆಕ್ಸ್‌ಫರ್ಡಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ಕಾಲೇಜೂ ಇರಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯ ಮಹಿಳೆಯರಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ. ಅಂಥ ಊರಿನಲ್ಲಿ ಈ ಹೆಣ್ಣುಮಗಳು ಹುಡುಗರನ್ನು ಕೂರಿಸಿಕೊಂಡು ಲ್ಯಾಟಿನ್, ಗ್ರೀಕ್ ಹೇಳಿಕೊಟ್ಟರು! ಈಟನ್, ವಿಂಚೆಸ್ಟರ್‌ನಂಥ ಪ್ರತಿಷ್ಠಿತ ಶಾಲೆಗಳ ವಿದ್ಯಾರ್ಥಿವೇತನ ಪರೀಕ್ಷೆ ಗೆಲ್ಲಲು ಈ ಎರಡು ಭಾಷೆ ಬೇಕೇ ಬೇಕಿತ್ತು. ಎಂಟರಿಂದ ಹದಿಮೂರರ ವಯಸ್ಸಿನ ಹುಡುಗರನ್ನು ಅದಕ್ಕೆ ಅಣಿಗೊಳಿಸುವುದೇ ಇಂಥ ಪ್ರೆಪರೇಟರಿ ಶಾಲೆಗಳ ಕೆಲಸವಾಗಿತ್ತು.

ಪತಿ ಆರ್ಚಿಬಾಲ್ಡ್ ಮ್ಯಾಕ್ಲಾರೆನ್ ಕತ್ತಿವರಸೆ ಮತ್ತು ಅಂಗಸಾಧನೆಯ ಗುರು. ಆಕ್ಸ್‌ಫರ್ಡಿನಲ್ಲಿ ಅವರ ವ್ಯಾಯಾಮಶಾಲೆಗೆ ದೊಡ್ಡ ಹೆಸರಿತ್ತು. ಬ್ರಿಟಿಷ್ ಸೇನೆ ತನ್ನ ಮೊದಲ 12 ಮಂದಿ ವ್ಯಾಯಾಮ ಶಿಕ್ಷಕರನ್ನು ತರಬೇತಿಗೆ ಕಳಿಸಿದ್ದು ಅವರ ಬಳಿಗೇ. ಹಾಗಾಗಿ ಒಳಗೆ ಹೆಂಡತಿಯ ವ್ಯಾಕರಣ, ಹೊರಗೆ ಗಂಡನ ಕಸರತ್ತು. ಬುದ್ಧಿಗೂ ಮೈಗೂ ಸಮನಾಗಿ ಆರೋಗ್ಯ ಬೇಕೆಂಬುದು ಶಾಲೆಯ ಧ್ಯೇಯವಾಯಿತು. ಆರ್ಚಿಬಾಲ್ಡ್ 1884ರಲ್ಲಿ ತೀರಿಕೊಂಡರು. ಮುಂದೆ ಶಾಲೆಯ ಹೊಣೆ ಅಳಿಯ ವಿಲಿಯಮ್ಸ್ ಅವರದಾಯಿತು. ಈಟನ್ ವಿದ್ಯಾರ್ಥಿವೇತನ ಗೆಲ್ಲುವ ಹುಡುಗರಿಗೆ ಈ ಶಾಲೆ ಹೆಸರುವಾಸಿಯಾಯಿತು.

ಭಾರತದ ನಂಟೂ ಉಂಟು. ಸಾಮ್ರಾಜ್ಯದ ಅಧಿಕಾರಿಗಳು, ಸೈನಿಕರು ನಮ್ಮ ಸೆಕೆ, ಕಾಯಿಲೆಗಳಿಗೆ ಹೆದರಿ ಎಳೆಯ ಮಕ್ಕಳನ್ನು ಇಂಗ್ಲೆಂಡಿನ ಇಂಥ ವಸತಿಶಾಲೆಗಳಿಗೆ ಕಳಿಸುತ್ತಿದ್ದರು. ತಾಯಿಯ ಮುಖ ಕಾಣದೆ ವರ್ಷಗಟ್ಟಲೆ ಬೆಳೆದ ಆ ಮಕ್ಕಳ ಸಂಕಟವನ್ನು ಯಾವ ವಿದ್ಯಾರ್ಥಿವೇತನದ ಪಟ್ಟಿಯೂ ಹೇಳುವುದಿಲ್ಲ. ಎಂಟರ ಹುಡುಗನಿಗೆ ಅದು ಕ್ರೂರವೇ ಸರಿ. ಮುಂದೆ ಸೇನಾನಿಯಾದ, ಬಾಲ್ಯದ ಒಂದು ಭಾಗವನ್ನು ಭಾರತದಲ್ಲಿ ಕಳೆದ ಆರ್ಚಿಬಾಲ್ಡ್ ವೇವೆಲ್ ಸಮ್ಮರ್ ಫೀಲ್ಡ್ಸ್ ಸೇರಿ, ಅಲ್ಲಿಂದ ವಿಂಚೆಸ್ಟರ್‌ಗೆ ಹೋದರು. 1943ರಲ್ಲಿ ವೈಸ್‌ರಾಯ್ ಆಗಿ ದಿಲ್ಲಿಯಲ್ಲಿ ಅಧಿಕಾರ ವಹಿಸಿಕೊಂಡರು. ಮರುವರ್ಷ ಅವರು ಆಯ್ದು ಜೋಡಿಸಿದ ಇಂಗ್ಲಿಷ್ ಕವನ ಸಂಕಲನ ‘ಅದರ್ ಮೆನ್ಸ್ ಫ್ಲವರ್ಸ್’ ಹೊರಬಂತು. ಅದರಲ್ಲಿರುವ ಬಹುಪಾಲು ಕವಿತೆಗಳು ಆ ಸೇನಾನಿಗೆ ಕಂಠಪಾಠವಾಗಿದ್ದವು.