ಬೆಳ್ಳಿ ರೂಪಾಯಿ: ಕರಗಿಸುವ ಮುಂಚೆ ಇಸವಿ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಯ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿ ಒಂದೆರಡಾದರೂ ಸಿಗುತ್ತದೆ. ಅದನ್ನು ಶೇಟರ ಅಂಗಡಿಯ ತಕ್ಕಡಿಗೆ ಹಾಕುವ ಮುಂಚೆ ಎರಡೂ ಬದಿ ನೋಡಿ. ಸಂಗ್ರಹ ಶುರುವಾಗುವುದು ಅಲ್ಲಿಂದಲೇ.

1840ರಿಂದ 1901ರ ತನಕದ ಇಸವಿಯದ್ದು ವಿಕ್ಟೋರಿಯಾ ರಾಣಿಯದು. 1903ರಿಂದ 1910ರವರೆಗಿನದ್ದು ಏಳನೇ ಎಡ್ವರ್ಡ್, 1911ರಿಂದ ಮುಂದೆ ಐದನೇ ಜಾರ್ಜ್. ಈ ರೂಪಾಯಿಗಳ ತೂಕ 11.66 ಗ್ರಾಂ. ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. 1940ರಿಂದ ಬಂದ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರದ್ದು ನಿಕ್ಕೆಲ್.

ಹಾಗಾದರೆ ಹಳೆಯದಾದಷ್ಟೂ ಬೆಲೆ ಹೆಚ್ಚೇ? ಇಲ್ಲ. ಬೆಲೆ ನಿಲ್ಲುವುದು ಎಷ್ಟು ಉಳಿದಿವೆ, ಎಷ್ಟು ಸವೆದಿದೆ ಎಂಬುದರ ಮೇಲೆ. 1918ರ ರೂಪಾಯಿ ಬೇಕಾದಷ್ಟಿದೆ. 1911ರದ್ದು ಅಪರೂಪ. ಅದರಲ್ಲಿ ದೊರೆಯ ನಿಲುವಂಗಿಯ ಮೇಲೆ ಕೆತ್ತಿದ ಪುಟ್ಟ ಆನೆಯ ಸೊಂಡಿಲು ಗಿಡ್ಡವಾಗಿ, ನೋಡಿದವರಿಗೆ ಹಂದಿಯಂತೆ ಕಂಡಿತು. ಜನ ಸಿಟ್ಟಾದರು. ಸರ್ಕಾರ ವಿತರಣೆ ನಿಲ್ಲಿಸಿ, ಉಳಿದವನ್ನು ಕರಗಿಸಿತು. 1912ರಲ್ಲಿ ಸೊಂಡಿಲು ಉದ್ದವಾಯಿತು. ಭೂತಗನ್ನಡಿ ಹಿಡಿದರೆ ಈ ವ್ಯತ್ಯಾಸ ನೀವೇ ಕಾಣಬಹುದು. ಐದನೇ ಜಾರ್ಜ್ ರೂಪಾಯಿಯ ಹಿಂಬದಿಯಲ್ಲಿ, ಕೆಳಗಿನ ತಾವರೆಯ ಅಡಿ ಉಬ್ಬಿದ ಚುಕ್ಕಿಯಿದ್ದರೆ ಅದು ಮುಂಬಯಿ ಟಂಕಸಾಲೆಯದು. ಚುಕ್ಕಿ ಇಲ್ಲದಿದ್ದರೆ ಕಲ್ಕತ್ತೆಯದು.

ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ ನಿಜ, ಆದರೆ ಅಚ್ಚು ಸವೆದು ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. ಕಪ್ಪಾಗಿದ್ದರೂ ಇರಲಿ. ನಮ್ಮ ಮಳೆಗಾಲದ ಥಂಡಿಗೆ ಡಬ್ಬಿಯೊಳಗೆ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳಿನ ಪೊಟ್ಟಣ, ಇಟ್ಟರೆ ಸಾಕು.

ಕೊಳ್ಳುವುದಾದರೆ ಮೊದಲು ಆ ದಿನದ ಒಂದು ಗ್ರಾಂ ಬೆಳ್ಳಿಯ ದರವನ್ನು 10.69ರಿಂದ ಗುಣಿಸಿ. ಸಾಮಾನ್ಯ ಇಸವಿಗೆ ಅದಕ್ಕಿಂತ ತುಂಬಾ ಹೆಚ್ಚು ಕೇಳಿದರೆ ಕಾರಣ ಕೇಳಿ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ.

ಸ್ವತಂತ್ರ ಭಾರತದ ಸ್ಮರಣಾರ್ಥ ನಾಣ್ಯ ಬೇಕೆನ್ನುವವರು 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿಯಿಂದ ಶುರುಮಾಡಬಹುದು. 15 ಗ್ರಾಂ ತೂಕ, ಶೇ. 80 ಬೆಳ್ಳಿ. ಹೊಸ ಸ್ಮರಣಾರ್ಥ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಯ ಜಾಲತಾಣದಲ್ಲೇ ಕಾಯ್ದಿರಿಸಬಹುದು.

ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವಂತಿಲ್ಲ. ಇನ್ನು, ಹಳೆಯ ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆಂದು ರಿಸರ್ವ್ ಬ್ಯಾಂಕ್ ಹೆಸರಲ್ಲಿ ಫೋನ್ ಮಾಡಿ ಮುಂಗಡ ಕೇಳುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ.