ಮಾದಲಕ್ಕೆಷ್ಟು, ಬೇಲಕ್ಕೆಷ್ಟು?

ಬಿಡಿ ಹಣ್ಣಿನ ಬೆಲೆ ಗೊತ್ತಿದ್ದರೆ ಬುಟ್ಟಿಯ ಬೆಲೆಯನ್ನು ಯಾರಾದರೂ ಹೇಳಿಯಾರು. ಬುಟ್ಟಿಯ ಬೆಲೆ ಮಾತ್ರ ಗೊತ್ತಿದ್ದು, ಬಿಡಿ ಹಣ್ಣಿನ ಬೆಲೆ ಮರೆಯಲ್ಲಿದ್ದರೆ? ಈ ಪ್ರಶ್ನೆಯನ್ನು ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದಲ್ಲಿ ಎತ್ತಿದ್ದಾನೆ. ಗ್ರಂಥದ ಆರಂಭದಲ್ಲಿ ಅವನು ಸ್ತುತಿಸುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ವನ್ನು ನೆನೆಯುವ ನಾವು, ಅದೇ ದೊರೆಯ ಕಾಲದಲ್ಲಿ ಹುಟ್ಟಿದ ಈ ಲೆಕ್ಕದ ಪುಸ್ತಕವನ್ನು ಅಷ್ಟಾಗಿ ನೆನೆಯುವುದಿಲ್ಲ.

ಅವನ ಲೆಕ್ಕದ ತಾತ್ಪರ್ಯ ಇಷ್ಟು: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿದರೆ 101. ಒಂದೊಂದರ ಬೆಲೆ ಏನು?

ಇದನ್ನು ಬಿಡಿಸಲು ಕಾಗದ ಲೇಖನಿಗಳು ಬೇಕಿಲ್ಲ. ಎರಡು ಬುಟ್ಟಿಗಳನ್ನೂ ಒಂದೆಡೆ ಸುರಿಯಿರಿ. 16 ಮಾದಲ, 16 ಬೇಲ, ಬೆಲೆ 208. ಎಂದರೆ ಒಂದು ಮಾದಲ, ಒಂದು ಬೇಲ ಸೇರಿದ ಜೋಡಿಗೆ 13. ಈಗ ಮೊದಲ ಬುಟ್ಟಿಯನ್ನು ಎರಡನೆಯದರೊಡನೆ ಹೋಲಿಸಿ. ಮೊದಲನೆಯದರಲ್ಲಿ 2 ಮಾದಲ ಹೆಚ್ಚು, 2 ಬೇಲ ಕಡಿಮೆ. ಬೆಲೆ 6 ಹೆಚ್ಚು. ಆದುದರಿಂದ ಒಂದು ಮಾದಲವು ಒಂದು ಬೇಲಕ್ಕಿಂತ 3 ಹೆಚ್ಚಿನದು. ಕೂಡಿದರೆ 13, ಅಂತರ 3: ಮಾದಲಕ್ಕೆ 8, ಬೇಲಕ್ಕೆ 5. ಮಹಾವೀರನ ಸೂತ್ರವು ಗುಣಿಸಿ, ಕಳೆದು, ಭಾಗಿಸುವ ಬೇರೊಂದು ಕ್ರಮದ್ದು, ಫಲ ಒಂದೇ. ಬಂದ ಉತ್ತರವನ್ನು ಮೂಲ ವಾಕ್ಯಗಳಿಗೆ ಹಿಂತಿರುಗಿಸಿ ನೋಡಬೇಕು. 72ಕ್ಕೆ 35 ಕೂಡಿದರೆ 107. 56ಕ್ಕೆ 45 ಕೂಡಿದರೆ 101. ಎರಡೂ ಸರಿ.

ಇದನ್ನೇ ಶಾಲೆಯಲ್ಲಿ ಏಕಕಾಲಿಕ ಸಮೀಕರಣಗಳೆನ್ನುತ್ತಾರೆ. ಎರಡು ಅವ್ಯಕ್ತಗಳಿಗೆ ಎರಡು ವಾಕ್ಯಗಳು ಬೇಕು ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆದರೆ ಎಂತಹ ವಾಕ್ಯಗಳು? ವ್ಯಾಪಾರಿಯು ಎರಡನೆಯ ಬಾರಿಗೆ, “18 ಮಾದಲ, 14 ಬೇಲ ಸೇರಿ 214” ಎಂದನೆನ್ನಿ. ಅಂಕಿಗಳು ಹೊಸವು, ಸಂಗತಿ ಹಳೆಯದು. ಮೊದಲ ಮಾತನ್ನೇ ಅವನು ಇಮ್ಮಡಿಸಿ ನುಡಿದಿದ್ದಾನೆ. ಬಿಡಿ ಬೆಲೆಯನ್ನು ಇದರಿಂದ ನಿಶ್ಚಯಿಸಲಾಗದು. ಅದೇ ಸರಕಿಗೆ 220 ಎಂದನೋ, ಎರಡು ಮಾತುಗಳು ಒಂದಕ್ಕೊಂದು ವಿರುದ್ಧ. ಬೆಲೆ ನಡುವೆ ಬದಲಾಗಿರಬೇಕು, ಇಲ್ಲವೇ ಒಂದು ಮಾತು ಸುಳ್ಳಾಗಿರಬೇಕು. ಎರಡನೆಯ ವಾಕ್ಯವು ವಸ್ತುವನ್ನು ಮತ್ತೊಂದು ದಿಕ್ಕಿನಿಂದ ನೋಡಿದ್ದಾಗಿರಬೇಕು.

ದಿಕ್ಕು ಎಂಬ ಈ ಮಾತು ಇಲ್ಲಿ ಬರಿಯ ಉಪಮೆಯಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡನ ಯಂತ್ರವು ಮಹಿಳೆಯೊಬ್ಬಳ ಮಿದುಳಿನ ಚಿತ್ರವನ್ನು ತೆಗೆಯಿತು. ಇಂದು ಎಲ್ಲರೂ ಬಲ್ಲ ಸಿ.ಟಿ. ಸ್ಕ್ಯಾನಿನ ಮೊದಲ ಪ್ರಯೋಗವದು. ತಲೆಯನ್ನು ಹಾಯ್ದು ಬರುವ ಎಕ್ಸ್-ರೇ ಕಿರಣವು ಯಾವ ಎಡೆಯಲ್ಲಿ ಎಷ್ಟು ತಡೆಯಾಯಿತೆಂದು ಬಿಡಿಬಿಡಿಯಾಗಿ ಹೇಳುವುದಿಲ್ಲ. ದಾರಿಯುದ್ದಕ್ಕೂ ಆದ ತಡೆಯ ಮೊತ್ತವನ್ನಷ್ಟೇ ಹೇಳುತ್ತದೆ. ಅದೂ ಒಂದು ಬುಟ್ಟಿಯ ಬೆಲೆಯೇ. ಚಿತ್ರವನ್ನು 80 ಸಾಲು, 80 ಕಂಬಗಳ ಚೌಕಗಳಾಗಿ ವಿಂಗಡಿಸಿದಾಗ ಅವ್ಯಕ್ತಗಳು 6,400. ಒಂದೇ ದಿಕ್ಕಿನಿಂದ ಸಾವಿರ ಸಲ ಅಳೆದರೂ ಪ್ರಯೋಜನವಿರಲಿಲ್ಲ. ಆದುದರಿಂದ ಯಂತ್ರವು ಒಂದೊಂದೇ ಡಿಗ್ರಿ ತಿರುಗುತ್ತ, 180 ದಿಕ್ಕುಗಳಿಂದ, ಪ್ರತಿ ದಿಕ್ಕಿನಲ್ಲೂ 160 ಸಲ ಅಳೆಯಿತು. ಒಟ್ಟು 28,800 ಅಳತೆಗಳು. ಗಣಕಯಂತ್ರವು ಅವುಗಳಿಂದ ಬಿಡಿ ಬೆಲೆಗಳನ್ನು ಕಂಡುಹಿಡಿಯಿತು. ತಲೆಬುರುಡೆಯನ್ನು ತೆರೆಯದೆಯೇ ಒಳಗಿನ ಗಡ್ಡೆ ಗೋಚರವಾಯಿತು. ಲೆಕ್ಕ ಮಾಡುವ ವಿಧಾನಗಳು ಮುಂದೆ ಬೇರೆಯಾದವು; ಮೊತ್ತಗಳಿಂದ ಬಿಡಿಯನ್ನು ತಿಳಿಯುವ ತತ್ತ್ವ ಬದಲಾಗಲಿಲ್ಲ.

ಮನೆಯ ಮಕ್ಕಳು ಇಂತಹ ಲೆಕ್ಕದೆದುರು ಕೈಚೆಲ್ಲಿ ಕುಳಿತಾಗ, “ನನಗೆ ಗಣಿತ ಬಾರದು” ಎಂದು ನಮ್ಮಂಥವರು ಜಾರಿಕೊಳ್ಳುವುದುಂಟು. ಜಾರಿಕೊಳ್ಳಬೇಕಿಲ್ಲ. ಸೂತ್ರ ಆಮೇಲೆ ಬರಲಿ. ಗೊತ್ತಿಲ್ಲದ್ದು ಯಾವುದು, ಅದಕ್ಕೆ ಏನೆಂದು ಹೆಸರಿಡೋಣ, ಈ ವಾಕ್ಯ ಹಿಂದಿನ ವಾಕ್ಯ ಹೇಳದ ಏನನ್ನು ಹೇಳುತ್ತಿದೆ ಎಂದು ಮಗುವನ್ನು ಕೇಳೋಣ. ಇದು ಓದುವ ಕೆಲಸ. ಓದುವುದು ನಮಗೆ ಬರುತ್ತದೆಯಲ್ಲವೇ?