ಫ್ಲಷ್ ತೊಟ್ಟಿಯೊಳಗಿನ ಸೀಸೆಗಳು

ಊರಿನಿಂದ ಬಂದ ನಮ್ಮ ತಂದೆಯವರು ಮಂಡಿನೋವಿನಲ್ಲೂ ಪಾಯಖಾನೆಗೆ ಬಕೆಟ್ಟು ಹೊರುವುದನ್ನು ಕಂಡು ನಮಗೆ ನಾಚಿಕೆಯಾಯಿತು. ಚೆನ್ನೈಯ ನಮ್ಮ ಮನೆಯ ಫ್ಲಷ್ ಸೊರಗಿ ವರ್ಷಗಳಾಗಿದ್ದವು, ನಮಗದು ರೂಢಿ. ಹೊಸ ತೊಟ್ಟಿಯೇ ಬೇಕೆಂದ, ಪ್ಲಂಬರ್. ಗುಮಾಸ್ತೆಯ ಸಂಬಳ ವಾಚಕರು ಬಲ್ಲರು!

ಮೊದಲು ಕಮೋಡಿಗೆ ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿದೆವು. ಸರಾಗವಾಗಿ ಇಳಿಯಿತು. ಮೇಲೇರಿ ನಿಂತಿದ್ದರೆ ಕೊಳವೆ ಕಟ್ಟಿದೆಯೆಂದು ಅರ್ಥ. ಇಲ್ಲಿ ದೋಷ ಮೇಲಿನದೇ. ತೊಟ್ಟಿಯ ಮುಚ್ಚಳ ತೆಗೆದರೆ, 2019ರ ನೀರಿನ ಬರದಲ್ಲಿ ಉಳಿತಾಯಕ್ಕೆಂದು ನಾವೇ ಮುಳುಗಿಸಿಟ್ಟು ಮರೆತ ಎರಡು ಸೀಸೆಗಳು! ತೆಗೆದೆವು. ನೀರು ಹೊರಚೆಲ್ಲುವ ಕೊಳವೆಯ ಬಾಯಿಗಿಂತ ಅಂಗುಲ ಕೆಳಗೆ ನಿಲ್ಲುವಂತೆ ತೇಲುಗುಂಡನ್ನು ಎತ್ತರಿಸಿದೆವು. ಕಮೋಡಿನ ಅಂಚಿನ ತೂತುಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿತ್ತು. ರಾತ್ರಿಯಿಡೀ ವಿನಿಗರಿನಲ್ಲಿ ನೆನೆಸಿ, ಬೆಳಿಗ್ಗೆ ತಂತಿಯಿಂದ ಬಿಡಿಸಿದೆವು.

ಅಂದೇ ಬಕೆಟ್ಟು ಬಚ್ಚಲಿಗೆ ಮರಳಿತು.